ಕಾಲಿಲ್ಲದ ಸ್ವರ್ಗಪಕ್ಷಿ

ಆಸ್ಟ್ರೇಲಿಯ ಖಂಡದ ಉತ್ತರಕ್ಕೆ ನ್ಯೂಗಿನಿ ಎಂಬ ಹಿರಿಯ ದ್ವೀಪವೊಂದಿದೆ. ಸಮಭಾಜಕ ವೃತ್ತಕ್ಕೆ ಸಮೀಪವಾದುದರಿಂದ ಅಲ್ಲಿ ಮಳೆ ಹೇರಳ. ಮಳೆಗೆ ತಕ್ಕಂತೆ ಕಾಡೂ ದಟ್ಟ. ಈ ಕಾಡಿನಲ್ಲಿಯೂ ಸುತ್ತಲಿನ ಕಿರಿಯ ದ್ವೀಪಗಳಲ್ಲಿಯೂ ಸ್ವರ್ಗಪಕ್ಷಿಗಳೆಂಬ ಒಂದು ಕುಲದ ಹಕ್ಕಿಗಳು ವಾಸಿಸುತ್ತವೆ. ಅವುಗಳಲ್ಲಿ ಸುಮಾರು ೪೦ ಜಾತಿಗಳುಂಟು. ನಮ್ಮ ಮನೆಯ ಮಾಡಿನ ಮೇಲೆ ಕುಳಿತು ಕೂಗುವ ಕಾಗೆಗೆ ಇವು ದೂರದ ದಾಯಾದಿಗಳೆಂದರೆ ಕೇಳುವವರಿಗೆ ಆಶ್ಚರ್ಯವಾದೀತು. ಏಕೆಂದರೆ ಬಣ್ಣದಲ್ಲಿಯೂ ಗರಿಗಳ ವೈಚಿತ್ರ್ಯದಲ್ಲಿಯೂ ಇವುಗಳ ಗಂಡುಗಳನ್ನು ಮೀರಿಸುವ ಹಕ್ಕಿಗಳು ಲೋಕದಲ್ಲಿ ವಿರಳ. ಈ ಹಕ್ಕಿ ಹೇಗೆ ಒಲಿಸುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಎಂಬುದನ್ನು ವಿದ್ವಾಂಸರ ಲೋಕವು ಸರಿಯಾಗಿ ತಿಳಿಯಲು ಮುನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಅಷ್ಟು ತಡವಾದುದು ಏಕೆಂಬುದೇ ಈ ದಿನ ನಾವು ವಿಚಾರ ಮಾಡತಕ್ಕ ವಿಷಯ.

ಮೆಗೆಲನ್ನನ ನಾಯಕತ್ವದಲ್ಲಿ ಸ್ಪೇನಿನಿಂದ ಹೊರಟ ಐದು ಹಡಗುಗಳಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿ ೧೫೨೨ರಲ್ಲಿ ಹಿಂದಿರುಗಿದುದು ವಿಕ್ಟೋರಿಯಾ ಎಂಬುದೊಂದೇ. ನಾಯಕನು ದಾರಿಯಲ್ಲಿಯೇ ಹತನಾಗಿದ್ದನು. ಆ ಹಡಗು ಲವಂಗದ ದ್ವೀಪಗಳಾದ ಮೊಲುಕ್ಕಗಳಲ್ಲಿ ತಂಗಿದ್ದಾಗ ಬಾಚನ್ ದ್ವೀಪದ ಸುಲ್ತಾನನು ಸ್ಪೇನಿನ ದೊರೆಗೆಂದು ಸತ್ತ ಹಕ್ಕಿಗಳೆರಡನ್ನು ಕಾಣಿಕೆಯಾಗಿ ಕಳುಹಿಸಿದನು. ಯಾತ್ರೆಯ ವೃತ್ತಾಂತವನ್ನು ಬರೆದ ಇಟಲಿಯ ಪಿಗಾಫೆಟ್ಟಾ, ಅಲ್ಲಿನ ಜನರು ಈ ಹಕ್ಕಿಯನ್ನು ದೇವರ ಪಕ್ಷಿಯೆಂದು ಕರೆಯುವರೆಂದು ತಿಳಿಸಿ, ಅವರ ಮಾತನ್ನೂ ತನ್ನ ಕಿವಿಗೆ ಬಿದ್ದಂತೆ ಗುರುತು ಮಾಡಿಕೊಂಡಿದ್ದಾನೆ. ಆ ಮಾತಿನಲ್ಲಿ ನಮಗೆ ಸುಪರಿಚಿತವಾದ ‘ದೇವತಾ’ ಶಬ್ದವೇ ಅಡಗಿದೆ. ಭರತಖಂಡದಿಂದ ಕಡಲು ದಾಟಿ ಹೋದ ಸಂಸ್ಕೃತವು ಮಲಯ ಭಾಷೆಯ ಮೂಲಕ ಆ ದೂರದ ಹಕ್ಕಿಗೂ ಹೆಸರನ್ನಿತ್ತಿತು. ಹಕ್ಕಿಗೆ ಒಂದು ಗೇಣುದ್ದದ ಸಣಕಲು ಕಾಲುಗಳುಂಟೆಂದೂ ಪಿಗಾಫೆಟ್ಟಾ ಸ್ಪಷ್ಟವಾಗಿ ಬರೆದಿದ್ದನು.

ಆದರೆ ಯೂರೋಪಿನ ವಿದ್ವಾಂಸರು ಆ ಮಾತನ್ನು ನಂಬಲಿಲ್ಲ. ಮುಂದೆ ವ್ಯಾಪಾರದ ಮೂಲಕ ಬಂದ ಚರ್ಮಗಳಿಗೆ ಕಾಲುಗಳೇ ಇರಲಿಲ್ಲ. ಬೇಡರು ಕಾಲುಗಳನ್ನೂ ರೆಕ್ಕೆಗಳನ್ನೂ ಕತ್ತರಿಸಿ, ಚರ್ಮವನ್ನು ಕೊಕ್ಕಿನವರೆಗೆ ಸುಲಿದು, ಒಳಗೆ ಕಡ್ಡಿಯೊಂದನ್ನು ತೂರಿಸಿ, ಗುಡಿಸಲಿನ ಹೊಗೆಯಲ್ಲಿ ಒಣಗಿಸುತ್ತಿದ್ದರು. ಮಾರಾಟಕ್ಕೆ ಬೇಕಾದುದು ಗರಿ. ಕಾಲಿನಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಕೈಯಿಂದ ಕೈಗೆ ಸಾಗಿ ಬಂದ ಈ ಚರ್ಮವನ್ನು ಮಾತ್ರ ಕಂಡವರು, ಕಾಲಿಲ್ಲದ ಹಕ್ಕಿ ನೆಲಕ್ಕೆ ಇಳಿಯುವುದು ಹೇಗೆ ಎಂದು ಪ್ರಶ್ನಿಸಿ, ಅದು ಇಳಿಯುವುದೇ ಇಲ್ಲವೆಂದು ತೀರ್ಮಾನಿಸಿದರು. ಇಳಿಯದಿದ್ದ ಮೇಲೆ ಆಹಾರವೇನು? ಆಕಾಶದ ಇಬ್ಬನಿ. ಗೂಡೆಲ್ಲಿ? ಗಂಡಿನ ಬೆನ್ನಿನ ಮೇಲೆ ತಗ್ಗೊಂದಿದೆಯೆಂದೂ, ಹೆಣ್ಣು ಅದರಲ್ಲಿಯೇ ಮೊಟ್ಟೆಯಿಟ್ಟು ಗಾಳಿಯಲ್ಲಿಯೇ ಕಾವು ಕೊಡುವುದೆಂದೂ ಆ ಶತಮಾನದ ಗ್ರಂಥಗಳು ಹೇಳಿದವು. ೧೫೫೫ರಲ್ಲಿ ಪ್ರಕಟವಾದ ಗೆಸ್ನರನ ಪಕ್ಷಿಗ್ರಂಥದಲ್ಲಿ ಕಾಲಿಲ್ಲದ ಹಕ್ಕಿಯ ಚಿತ್ರವೇ ಅಚ್ಚಾಯಿತು. ಆಲ್ಡ್ರೊವಾಂಡಿ ಎಂಬ ಪಂಡಿತನಂತೂ ಕಾಲುಂಟೆಂದ ಪಿಗಾಫೆಟ್ಟಾನನ್ನೇ ಸುಳ್ಳುಗಾರನೆಂದು ಜರೆದನು. ಕಾಲುಳ್ಳ ಚರ್ಮಗಳು ಹಾಲೆಂಡಿಗೆ ಬಂದ ವಿಚಾರವನ್ನು ೧೬೦೫ರಲ್ಲಿ ಕ್ಲೂಸಿಯಸ್ ತಿಳಿಸಿದನು. ಆದರೂ ಹಳೆಯ ಕಥೆಯ ನೆನಪು ಅಳಿಯಲಿಲ್ಲ; ೧೭೫೮ರಲ್ಲಿ ಲಿನೇಯಸ್ ಈ ಕುಲದ ದೊಡ್ಡ ಹಕ್ಕಿಗೆ ಇಟ್ಟ ಶಾಸ್ತ್ರೀಯ ನಾಮಕ್ಕೆ ಇಂದಿಗೂ ಕಾಲಿಲ್ಲದ ಸ್ವರ್ಗಪಕ್ಷಿಯೆಂದೇ ಅರ್ಥ.

ಇಲ್ಲಿ ಒಂದು ಮಾತನ್ನು ನಾವು ಮರೆಯಬಾರದು. ಕಾಲುಗಳನ್ನು ಕತ್ತರಿಸಿದ ಬೇಡನಿಗೆ ಹಕ್ಕಿಗೆ ಕಾಲುಂಟೆಂಬುದು ತಿಳಿದೇ ಇದ್ದಿತು. ಅದು ಕೂರುವ ಮರವನ್ನೂ ಕುಣಿಯುವ ಕಾಲವನ್ನೂ ಅವನು ಬಲ್ಲವನಾಗಿದ್ದನು. ಅಜ್ಞಾನವು ಕಾಡಿನಲ್ಲಿರಲಿಲ್ಲ. ಸರಕು ಮಾತ್ರ ಪೇಟೆಯನ್ನು ಸೇರಿ, ಅದರೊಡನೆ ಬರಬೇಕಾದ ತಿಳಿವಳಿಕೆಯು ಕಾಡಿನಲ್ಲಿಯೇ ಉಳಿಯಿತು.

ಜೀವಂತ ಹಕ್ಕಿಯನ್ನು ಅದರ ಕಾಡಿನಲ್ಲಿಯೇ ಕಂಡ ಮೊದಲ ಐರೋಪ್ಯ ಶಾಸ್ತ್ರಜ್ಞನೆಂಬ ಕೀರ್ತಿ ಫ್ರಾನ್ಸಿನ ಲೆಸ್ಸೊನ್ ಎಂಬವನಿಗೆ ಸಲ್ಲುತ್ತದೆ. ಅವನು ೧೮೨೪ರಲ್ಲಿ ನ್ಯೂಗಿನಿಯ ಕರಾವಳಿಗೆ ಬಂದಿದ್ದನು. ೧೮೫೭ರಲ್ಲಿ ಆಲ್‌ಫ್ರೆಡ್ ರಸೆಲ್ ವ್ಯಾಲೇಸನು ಅರು ದ್ವೀಪಗಳಲ್ಲಿ ಕೆಲವು ತಿಂಗಳು ನಿಂತು, ಅಲ್ಲಿನ ಜನರ ನೆರವಿನಿಂದ ಬಹಳ ವಿಷಯಗಳನ್ನು ಅರಿತನು. ಮರುವರ್ಷ ಬಾಚನ್ ದ್ವೀಪದಲ್ಲಿ ಅವನ ಸಹಾಯಕನಾದ ಅಲಿ ಎಂಬ ಮಲಯ ತರುಣನು ಐರೋಪ್ಯರಾರೂ ಅರಿಯದಿದ್ದ ಹೊಸ ಜಾತಿಯೊಂದನ್ನು ತಂದುಕೊಟ್ಟನು. ಅದಕ್ಕೆ ಉಳಿದುದು ಮಾತ್ರ ವ್ಯಾಲೇಸನ ಹೆಸರು.

ಅರುವಿನ ಜನರು ಹಕ್ಕಿಗಳ ನೃತ್ಯಕೂಟವನ್ನು ಸಕಲೇಲಿ ಎಂದು ಕರೆಯುತ್ತಿದ್ದರು. ವ್ಯಾಲೇಸನು ವರ್ಣಿಸಿರುವಂತೆ, ಹರಡಿದ ಕೊಂಬೆಗಳುಳ್ಳ ಎತ್ತರದ ಮರವೊಂದರಲ್ಲಿ ಹನ್ನೆರಡರಿಂದ ಇಪ್ಪತ್ತು ಗಂಡುಗಳು ಬೆಳಗಿನ ಹೊತ್ತು ಕೂಡುತ್ತವೆ. ಅವು ರೆಕ್ಕೆಗಳನ್ನೆತ್ತಿ, ಕತ್ತನ್ನು ನೀಡಿ, ಪಕ್ಕೆಯ ಹೊಂಬಣ್ಣದ ಗರಿಗಳನ್ನು ಮೇಲಕ್ಕೆ ಹರಡಿ ಅದುರಿಸುತ್ತ ಕೊಂಬೆಯಿಂದ ಕೊಂಬೆಗೆ ಹಾರುವಾಗ ಇಡೀ ಮರವೇ ಚಿನ್ನದ ಗರಿಗಳಿಂದ ತುಂಬಿದಂತೆ ಕಾಣುವುದು. ಬೇಡನಾದರೋ ಬೆಳಕು ಹರಿಯುವ ಮುನ್ನವೇ ಮರವೇರಿ, ಎಲೆಯ ಮರೆಯಲ್ಲಿ ಕುಳಿತಿರುತ್ತಾನೆ. ನೆತ್ತರಿನಿಂದ ಗರಿ ಕೆಡದಂತೆ ಅವನ ಬಾಣದ ತುದಿಗೆ ಮೊಂಡಾದ ಗುಂಡು ಇರುತ್ತದೆ. ನೃತ್ಯದ ಉತ್ಸಾಹದಲ್ಲಿ ಮೈಮರೆತ ಹಕ್ಕಿಗಳು ಒಂದಾದ ಮೇಲೊಂದು ಕೆಳಗೆ ಉರುಳುತ್ತವೆ.

ಎಲ್ಲ ಜಾತಿಗಳೂ ಮರದ ಮೇಲೆಯೇ ಕುಣಿಯುವುವೆಂದಲ್ಲ. ಪರೋಷಿಯ ಎಂಬ ಜಾತಿಯ ಗಂಡು ಕಾಡಿನ ನೆಲದಲ್ಲಿ ತರಗೆಲೆಗಳನ್ನೆಲ್ಲ ಎತ್ತಿಹಾಕಿ ಅಂಗಳವನ್ನು ಶುದ್ಧಿಮಾಡಿ, ಗರಿಗಳನ್ನು ಲಂಗದಂತೆ ಸುತ್ತಲೂ ಹರಡಿ ಹೆಜ್ಜೆಹಾಕುತ್ತದೆ. ನೀಲಿ ಸ್ವರ್ಗಪಕ್ಷಿಯು ಕೊಂಬೆಯಿಂದ ತಲೆಕೆಳಗಾಗಿ ತೂಗುತ್ತ ಹಾಡುತ್ತದೆ. ಇನ್ನೊಂದು ಜಾತಿಯು ತನ್ನ ಅಂಗಳದ ಮೇಲಣ ಎಲೆಗಳನ್ನು ಕಿತ್ತು ಬೆಳಕು ಬೀಳುವಂತೆ ಮಾಡಿಕೊಳ್ಳುತ್ತದೆ.

ಈ ಶ್ರಮವೆಲ್ಲ ಏತಕ್ಕಾಗಿ? ನೋಡಲು ಬರುವ ಹೆಣ್ಣಿನ ಆಯ್ಕೆಯೇ ತಲೆಮಾರುಗಳ ಮೇಲೆ ಈ ಅಲಂಕಾರವನ್ನು ಬೆಳೆಸಿತೆಂದು ಡಾರ್ವಿನ್ನನು ೧೮೭೧ರಲ್ಲಿ ವಾದಿಸಿದನು. ಹಕ್ಕಿಗಳನ್ನು ಅವುಗಳ ನೆಲೆಯಲ್ಲಿಯೇ ಕಂಡಿದ್ದ ವ್ಯಾಲೇಸನು ಇದನ್ನೊಪ್ಪದೆ, ಗರಿಗಳ ವೈಭವವು ಗಂಡಿನ ಮೈಯಲ್ಲಿ ಉಕ್ಕುವ ಶಕ್ತಿಯ ಫಲವೆಂದನು. ಮುಂದಿನ ಶತಮಾನದ ವೀಕ್ಷಣೆಗಳು ಡಾರ್ವಿನ್ನನ ಪಕ್ಷವನ್ನೇ ಬಲಪಡಿಸಿವೆ. ಹೆಣ್ಣು ಹಲವು ಗಂಡುಗಳನ್ನು ಕಂಡು ಪರೀಕ್ಷಿಸಿ ಒಂದನ್ನು ಆರಿಸುತ್ತದೆ. ಒಂದು ಕೂಟದಲ್ಲಿ ಹಲವು ಗಂಡುಗಳು ಕುಣಿದರೂ ಬಹುಪಾಲು ಹೆಣ್ಣುಗಳು ಒಲಿಯುವುದು ಒಂದೆರಡಕ್ಕೆ ಮಾತ್ರ.

ಕೂಡಿದ ಮೇಲೆ ಗಂಡಿನ ಕೆಲಸ ಮುಗಿಯಿತು. ಅದು ಮತ್ತೆ ತನ್ನ ಕೊಂಬೆಗೆ ಹೋಗುತ್ತದೆ. ಹೆಣ್ಣು ಒಂಟಿಯಾಗಿ ಕಾಡಿನೊಳಕ್ಕೆ ಹಾರುತ್ತದೆ. ಬಳ್ಳಿ, ನಾರು, ಎಲೆಗಳನ್ನು ತಂದು ಬಟ್ಟಲಿನಂಥ ಗೂಡನ್ನು ಕಟ್ಟುವುದೂ, ಒಂದೆರಡು ಮೊಟ್ಟೆಗಳಿಗೆ ಕಾವು ಕೊಡುವುದೂ, ಮರಿಗಳಿಗೆ ಹಣ್ಣನ್ನೂ ಹುಳುವನ್ನೂ ಉಣಿಸುವುದೂ ಅದೊಂದರ ಪಾಲು. ಅದರ ಮೈಬಣ್ಣ ಮಾಸಲು ಕಂದು. ಗೂಡಿನಲ್ಲಿ ಕುಳಿತಾಗ ಶತ್ರುವಿನ ಕಣ್ಣಿಗೆ ಬೀಳದಿರಲು ಅದೇ ರಕ್ಷೆ. ಮಳೆಕಾಡು ಹಣ್ಣುಗಳನ್ನು ಸಮೃದ್ಧಿಯಾಗಿ ಒದಗಿಸುವುದರಿಂದ ತಾಯಿಯೊಂದೇ ಮರಿಗಳನ್ನು ಸಾಕಲು ಸಾಧ್ಯವಾಗುತ್ತದೆ. ಮ್ಯಾನುಕೋಡ್ ಎಂಬ ಕೆಲವು ಜಾತಿಗಳಲ್ಲಿ ಮಾತ್ರ ಗಂಡು ಹೆಣ್ಣು ಜೋಡಿಯಾಗಿ ಬಾಳಿ ಮರಿಗಳನ್ನು ಬೆಳೆಸುತ್ತವೆ. ಅಲ್ಲಿ ಗಂಡಿಗೂ ಹೆಣ್ಣಿಗೂ ರೂಪದಲ್ಲಿ ಹೆಚ್ಚಿನ ಭೇದವಿಲ್ಲ. ಗಂಡಿನ ಬೆನ್ನೇ ಗೂಡೆಂದ ಹಳೆಯ ಪಂಡಿತರ ಕಲ್ಪನೆಗೂ ನಿಜಕ್ಕೂ ಇರುವ ಅಂತರ ಇಷ್ಟು: ಬಹುಪಾಲು ಜಾತಿಗಳಲ್ಲಿ ಗಂಡು ಗೂಡನ್ನು ಕಾಣುವುದೂ ಇಲ್ಲ.

ಈ ತಿಳಿವು ಮೂಡುತ್ತಿದ್ದ ಕಾಲದಲ್ಲಿಯೇ ಹಕ್ಕಿಗೆ ಮಹಾವಿಪತ್ತು ಒದಗಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಐರೋಪ್ಯ ಸ್ತ್ರೀಯರ ಟೋಪಿಗಳಿಗೆ ಹಕ್ಕಿಯ ಗರಿ ಸಿಕ್ಕಿಸುವುದು ಸೊಗಸೆನಿಸಿ, ವರ್ಷವರ್ಷವೂ ಸಾವಿರಾರು ಚರ್ಮಗಳು ಲಂಡನ್, ಪ್ಯಾರಿಸ್ ನಗರಗಳ ಪೇಟೆಗೆ ಬಂದವು. ಹೆಣ್ಣನ್ನು ಒಲಿಸಲು ಬೆಳೆದ ಗರಿಯೇ ಗಂಡಿಗೆ ಮೃತ್ಯುವಾಯಿತು. ಇದರ ವಿರುದ್ಧ ಎದ್ದವರೂ ಸ್ತ್ರೀಯರೇ. ೧೮೮೯ರಲ್ಲಿ ಮ್ಯಾಂಚೆಸ್ಟರಿನ ಬಳಿ ಎಮಿಲಿ ವಿಲಿಯಮ್ಸನ್ ಆರಂಭಿಸಿದ ಸಂಘವು ಗರಿಯ ಟೋಪಿಯನ್ನು ಧರಿಸುವುದಿಲ್ಲವೆಂದು ಪಣ ತೊಟ್ಟಿತು. ೧೯೦೨ರಲ್ಲಿ ಇಂಡಿಯಾ ಸರ್ಕಾರವು ಕಾಡುಹಕ್ಕಿಗಳ ಗರಿಗಳ ರಫ್ತನ್ನು ನಿಷೇಧಿಸಿತು. ೧೯೧೩ರಲ್ಲಿ ಅಮೆರಿಕವೂ ೧೯೨೧ರಲ್ಲಿ ಇಂಗ್ಲೆಂಡೂ ಆಮದನ್ನು ತಡೆದವು. ಬೇಡರು ಬಯಸಿದುದು ಗರಿ ತುಂಬಿದ ಗಂಡನ್ನು ಮಾತ್ರ. ಮಾಸಲು ಬಣ್ಣದ ಹೆಣ್ಣುಗಳೂ ಗರಿ ಮೂಡದ ಎಳೆಯ ಗಂಡುಗಳೂ ಬಾಣಕ್ಕೆ ತಪ್ಪಿಸಿಕೊಂಡುದರಿಂದ ಕುಲವು ಉಳಿಯಿತು.

ಹಕ್ಕಿಯನ್ನು ಕಾಡಿನಿಂದ ಬೇರೆ ಮಾಡಿ ಉಳಿಸುವ ಪ್ರಯತ್ನವೂ ನಡೆಯಿತು. ೧೯೦೯ರಲ್ಲಿ ವಿಲಿಯಂ ಇಂಗ್ರಾಮ್ ಎಂಬ ಶ್ರೀಮಂತನು ನಲವತ್ತಕ್ಕೂ ಹೆಚ್ಚು ಹಕ್ಕಿಗಳನ್ನು ಭೂಮಿಯ ಇನ್ನೊಂದು ಪಾರ್ಶ್ವದ ವೆಸ್ಟ್ ಇಂಡೀಸಿನ ಲಿಟ್ಲ್ ಟೊಬೇಗೊ ದ್ವೀಪದಲ್ಲಿ ಬಿಡಿಸಿದನು. ಅವು ಅಲ್ಲಿಯೂ ಕುಣಿದವು, ಕೆಲವು ದಶಕಗಳ ಕಾಲ ಬಾಳಿದವು. ೧೯೬೩ರ ಚಂಡಮಾರುತದಿಂದ ನಲುಗಿ ಮುಂದೆ ಪೂರ್ಣವಾಗಿ ಇಲ್ಲವಾದವು.

ನ್ಯೂಗಿನಿಯ ಕಾಡಿನಲ್ಲಿ ನೃತ್ಯವು ಈಗಲೂ ನಡೆದಿದೆ. ೨೦೦೪ರಿಂದ ೨೦೧೨ರವರೆಗೆ ಟಿಮ್ ಲಾಮನ್, ಎಡ್ವಿನ್ ಸ್ಕೋಲ್ಸ್ ಎಂಬ ಇಬ್ಬರು ಆಗ ಗುರುತಿಸಲಾಗಿದ್ದ ೩೯ ಜಾತಿಗಳನ್ನೂ ಚಿತ್ರಗಳಲ್ಲಿ ಸೆರೆಹಿಡಿದರು. ದ್ವೀಪದ ಪೂರ್ವಾರ್ಧವಾದ ಪಾಪುವ ನ್ಯೂಗಿನಿಯ ಧ್ವಜದಲ್ಲಿ ೧೯೭೧ರಿಂದ ಈ ಹಕ್ಕಿ ಹಾರುತ್ತಿದೆ. ಗರಿಯ ವ್ಯಾಪಾರಕ್ಕೆ ಕಾನೂನು ಅಡ್ಡಬಂದಿತು. ಮರದ ವ್ಯಾಪಾರಕ್ಕೂ ತಾಳೆಯೆಣ್ಣೆಯ ತೋಟಗಳಿಗೂ ಅಷ್ಟು ಸುಲಭವಾಗಿ ಅಡ್ಡ ಬರುತ್ತಿಲ್ಲ. ಬೇಡನ ಬಾಣವು ಹೆಣ್ಣನ್ನು ಬಿಟ್ಟಿತು; ಕೊಡಲಿಯು ಕುಣಿಯುವ ಕೊಂಬೆಯನ್ನೂ ಗೂಡಿನ ಕೊಂಬೆಯನ್ನೂ ಒಂದೇ ಏಟಿಗೆ ಕೆಡಹುತ್ತದೆ. ಹಿಂದಿನವರು ಹಕ್ಕಿಗೆ ನಿಲ್ಲಲು ಕಾಲೇ ಇಲ್ಲವೆಂದು ತಿಳಿದಿದ್ದರು. ಕಾಲುಂಟೆಂದು ಬಲ್ಲ ನಾವು, ಆ ಕಾಲು ಊರಲು ಮರವೊಂದು ಬೇಕೆಂಬುದನ್ನೂ ಬಲ್ಲವರಾಗಬೇಕು.