ಪಿಕ್ಚರ್ ಟ್ಯೂಬ್ ನಮ್ಮ ಊರುಗಳಿಗೆ ಬಂದ ದಾರಿ

ಹಳೆಯ ಟಿವಿಯ ಬೆನ್ನು ಅಷ್ಟು ಉದ್ದ ಏಕಿತ್ತು ಎಂದು ಹುಡುಕುತ್ತ ಹೋದರೆ ಅದರ ಅರ್ಧ ಚರಿತ್ರೆ ಕೈಗೆ ಸಿಗುತ್ತದೆ. ಒಳಗಿರುವುದು ಗಾಳಿ ತೆಗೆದ ಗಾಜಿನ ಬುರುಡೆ, ಅದೇ ಪಿಕ್ಚರ್ ಟ್ಯೂಬ್. ಅದರ ಕಿರಿದಾದ ಕುತ್ತಿಗೆಯಲ್ಲಿ ಕೆಂಪಗೆ ಕಾಯುವ ಕ್ಯಾಥೋಡ್. ಅಲ್ಲಿಂದ ಹೊರಟ ಎಲೆಕ್ಟ್ರಾನುಗಳನ್ನು ಸುಮಾರು 15,000 ವೋಲ್ಟ್ ಮುಂದಕ್ಕೆಳೆದರೆ ಅವು ಸೆಕೆಂಡಿಗೆ ಸುಮಾರು 70,000 ಕಿ.ಮೀ. ವೇಗದಲ್ಲಿ ಪರದೆಗೆ ಅಪ್ಪಳಿಸುತ್ತವೆ. ಪರದೆಯ ಒಳಮೈಗೆ ಬಳಿದ ಫಾಸ್ಫರ್ ಏಟು ಬಿದ್ದಲ್ಲೆಲ್ಲ ಬೆಳಗುತ್ತದೆ. ಕುತ್ತಿಗೆಗೆ ತೊಡಿಸಿದ ತಾಮ್ರದ ಸುರುಳಿ, ರಿಪೇರಿಯವರ ಮಾತಿನಲ್ಲಿ ಯೋಕ್, ಕಾಂತಬಲದಿಂದ ಆ ಕಿರಣವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಿಸುತ್ತದೆ. ಕಿರಣ ಬಾಗಿ ಪರದೆಯ ಮೂಲೆ ಮುಟ್ಟಬೇಕಾದರೆ ದೂರ ಬೇಕು. ಬೆನ್ನು ಉದ್ದವಾದದ್ದು ಅದಕ್ಕೇ.

ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಸಾಲು ಬಿಟ್ಟು ಸಾಲು ಉತ್ತು, ಬಿಟ್ಟ ಸಾಲಿಗೆ ಮತ್ತೆ ನೇಗಿಲು ಹೂಡುವಂತೆ, ಕಿರಣ ಮೊದಲು ಬೆಸಸಾಲುಗಳನ್ನೂ ಆಮೇಲೆ ಸಮಸಾಲುಗಳನ್ನೂ ಬರೆಯುತ್ತದೆ. ಕಣ್ಣಿಗೆ ಗೆರೆ ಕಾಣುವುದಿಲ್ಲ, ಮುಖ ಕಾಣುತ್ತದೆ. ಕಿರಣವನ್ನು ಮೇಲೆ ಕೆಳಗೆ ಆಡಿಸುವ ಭಾಗ ಕೆಟ್ಟರೆ ಮಾತ್ರ ಚಿತ್ರವೆಲ್ಲ ಕುಸಿದು ನಟ್ಟನಡುವೆ ಒಂದೇ ಬೆಳ್ಳನೆಯ ಅಡ್ಡಗೆರೆ ಉಳಿಯುತ್ತಿತ್ತು. ಹಿಂದಿನ ಮುಚ್ಚಳ ಬಿಚ್ಚುವ ಮೊದಲೇ ಮೆಕ್ಯಾನಿಕ್ ‘ವರ್ಟಿಕಲ್ ಹೋಗಿದೆ’ ಎಂದುಬಿಡುತ್ತಿದ್ದ.

ಈ ಕೊಳವೆಯನ್ನು 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ರೂಪಿಸಿದ್ದು ಟಿವಿಗಾಗಿ ಅಲ್ಲ, ವಿದ್ಯುತ್ತಿನ ಏರಿಳಿತವನ್ನು ಕಣ್ಣಾರೆ ನೋಡಲು. ಚಿತ್ರ ತೋರಿಸಲು ಇದನ್ನು ಬಳಸಬಹುದೆಂದು 1907ರಲ್ಲಿ ರಷ್ಯಾದ ಬೋರಿಸ್ ರೋಸಿಂಗ್‌ಗೆ ಹೊಳೆಯಿತು. 1926ರಲ್ಲಿ ಜಪಾನಿನ ಕೆಂಜಿರೊ ತಕಾಯಾನಗಿ ಅದರ ಮೇಲೆ ಒಂದು ಅಕ್ಷರ ಮೂಡಿಸಿದ. ಮರುವರ್ಷ ಅಮೆರಿಕದ ಫಿಲೋ ಫಾರ್ನ್ಸ್‌ವರ್ತ್ ಕ್ಯಾಮೆರಾವನ್ನೂ ಎಲೆಕ್ಟ್ರಾನಿಕ್ ಮಾಡಿದ. ನಮ್ಮ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಜಾನ್ ಬೇರ್ಡ್ ಹೆಸರೊಂದೇ ಗಟ್ಟಿಯಾಗಿ ಕೂತಿದೆ. ಬೇರ್ಡ್ ಮೊದಲಿಗೆ ತೋರಿಸಿದ್ದು ತಿರುಗುವ ತಟ್ಟೆಯ ಟಿವಿ, ಅದರ ಚಿತ್ರಕ್ಕೆ 30 ಗೆರೆ. ತಟ್ಟೆ ತಿರುಗುವ ವೇಗಕ್ಕೆ ಮಿತಿಯಿದೆ, ಎಲೆಕ್ಟ್ರಾನಿಗೆ ಆ ಭಾರವಿಲ್ಲ. ನಮ್ಮ ಮನೆಗಳಿಗೆ ಬಂದದ್ದು ಬ್ರೌನ್ ಕೊಳವೆಯ ವಂಶವೇ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕ ಪ್ರಸಾರ ಶುರುವಾಯಿತು. ಕರ್ನಾಟಕದಲ್ಲಿ ಟಿವಿ ಮೊದಲು ಕಂಡದ್ದು ಬೆಂಗಳೂರಿನಲ್ಲಲ್ಲ, ಬಯಲುಸೀಮೆಯ ಹಳ್ಳಿಗಳಲ್ಲಿ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿದ್ದವು. 1977ರಲ್ಲಿ ಗುಲ್ಬರ್ಗಕ್ಕೆ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು. ಕಪ್ಪು-ಬಿಳುಪು ಪಿಕ್ಚರ್ ಟ್ಯೂಬನ್ನು ಬೆಂಗಳೂರಿನ ಬಿಇಎಲ್ ಕಾರ್ಖಾನೆಯೇ ತಯಾರಿಸುತ್ತಿತ್ತು. ರಕ್ಷಣಾ ಇಲಾಖೆಗೆ ರೇಡಾರ್ ಮಾಡಿಕೊಡುತ್ತಿದ್ದ ಸಂಸ್ಥೆ ಮನೆಮಂದಿಯ ಟಿವಿಗೂ ಕೈಹಾಕಿದ್ದು ಹೆಮ್ಮೆಪಡುವ ಸಂಗತಿ.

ನಮ್ಮ ಮಂಡ್ಯ ಜಿಲ್ಲೆ ಆ ‘ಸೈಟ್’ ಪ್ರಯೋಗದ ಹೊರಗಿತ್ತು. ಇಲ್ಲಿ ಟಿವಿ ಮನೆಮಾತಾದದ್ದು 1980ರ ದಶಕದಲ್ಲಿ, ರಾಮಾಯಣ, ಮಹಾಭಾರತ ಧಾರಾವಾಹಿಗಳ ಕಾಲಕ್ಕೆ. ಟಿವಿಯ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುವುದರಿಂದ ತಾಲ್ಲೂಕಿನಿಂದ ತಾಲ್ಲೂಕಿಗೆ ಅನುಭವ ಬೇರೆ. ಮೈಸೂರಿಗೆ ಸುಮಾರು 15 ಕಿ.ಮೀ. ದೂರದ ಶ್ರೀರಂಗಪಟ್ಟಣಕ್ಕೆ ಅಲ್ಲಿನ ಮರುಪ್ರಸಾರ ಕೇಂದ್ರ ಹತ್ತಿರವಿತ್ತು. ಪಾಂಡವಪುರದಿಂದ ಮುಂದೆ ಮೇಲುಕೋಟೆಯ ಬೆಟ್ಟಸಾಲು ಅಡ್ಡ. ನಾಗಮಂಗಲ, ಕೆ.ಆರ್. ಪೇಟೆಯಂಥ ದೂರದ ಕಡೆ ಸೂರಿನ ಮೇಲೆ ಎತ್ತರದ ಪೈಪು, ಅದಕ್ಕೆ ಆಂಟೆನಾ, ಜೊತೆಗೊಂದು ಬೂಸ್ಟರ್ ಬೇಕಿತ್ತು. ಒಬ್ಬರು ಮೇಲೆ ಹತ್ತಿ ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ ‘ಬಂತು, ಬಂತು, ಸಾಕು’ ಎಂದು ಕೂಗುವುದು ಆ ಕಾಲದ ಮಾಮೂಲಿ.

ಇನ್ನೊಂದು ತೊಡಕು ಕರೆಂಟಿನದು. ಇದೇ ಜಿಲ್ಲೆಯ ಶಿವನಸಮುದ್ರ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತ್ತು. ಆದರೂ ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ಹಳ್ಳಿಯ ವೋಲ್ಟೇಜ್ ಇಳಿದುಬಿಡುತ್ತಿತ್ತು. ಒತ್ತಡ ಕುಸಿದರೆ ಯೋಕ್‌ಗೆ ಬಲ ಸಾಲದೆ ಚಿತ್ರ ಅಂಚುಗಳಿಂದ ಕುಗ್ಗಿ ಸುತ್ತ ಕಪ್ಪುಪಟ್ಟಿ ಮೂಡುತ್ತದೆ. ಟಿವಿಯ ಪಕ್ಕದಲ್ಲಿ ಸ್ಟೆಬಿಲೈಜರ್ ಕೂತದ್ದು ಹಾಗೆ. ಇಷ್ಟಿದ್ದೂ ಈ ಯಂತ್ರ ಹಳ್ಳಿಯಲ್ಲಿ ಬಾಳಿದ್ದಕ್ಕೆ ಕಾರಣ, ಅದನ್ನು ಬಿಚ್ಚಿ ಸರಿಮಾಡಬಹುದಿತ್ತು. ಬೆಸುಗೆ ಕಡ್ಡಿ, ಮೀಟರು, ನಾಲ್ಕು ಬಿಡಿಭಾಗ ಇಟ್ಟುಕೊಂಡ ಸಣ್ಣ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲಿ ಒಂದು ತಲೆಮಾರಿಗೆ ಅನ್ನ ಕೊಟ್ಟವು. ಇಂದಿನ ತೆಳು ಪರದೆಗೆ ಆ ಗುಣ ಕಡಿಮೆ.

ಕಲರ್ ಟಿವಿ 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಂತು. ಅದರಲ್ಲಿ ಮೂರು ಕಿರಣ, ಕೆಂಪು, ಹಸಿರು, ನೀಲಿ ಚುಕ್ಕೆಗಳು. ಉಳಿದ ತತ್ವ ಅದೇ. ಆಮೇಲೆ ಎಲ್‌ಸಿಡಿ ಬಂದು ಕೊಳವೆ ಮೂಲೆ ಸೇರಿತು.

ಹಾಗೆ ಮೂಲೆ ಸೇರಿದ ಟಿವಿ ನಿಮ್ಮ ಅಟ್ಟದಲ್ಲಿದ್ದರೆ ಒಂದು ಮಾತು. ಕಲರ್ ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಸೀಸದ ಆಕ್ಸೈಡ್ ಇರುತ್ತದೆ. ಒಳಗೆ ನಿರ್ವಾತವಿರುವುದರಿಂದ ಒಡೆದರೆ ಚೂರುಗಳು ಸಿಡಿಯುತ್ತವೆ. ತಾಮ್ರದ ಆಸೆಗೆ ಅದನ್ನು ಒಡೆಯಬೇಡಿ, ಕೆರೆದಂಡೆಗೋ ನಾಲೆಗೋ ಎಸೆಯಬೇಡಿ. ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೆ ಇಡೀ ಟಿವಿಯನ್ನೇ ಒಪ್ಪಿಸಿ.