ಬೂತಾಯಿಯ ಉದರಚರಿತ್ರೆ

ದಕ್ಷಿಣ ಕನ್ನಡದ ಕಡಲಂಚಿನ ಮನೆಗಳ ಹಿತ್ತಿಲಲ್ಲಿ ಬೂತಾಯಿ ಮೀನನ್ನು ಕೊಯ್ದು ತೊಳೆಯುವ ಹೆಂಗಸರು, ಅದರ ಹೊಟ್ಟೆಯನ್ನು ಸೀಳಿದೊಡನೆ ಹೊರಬೀಳುವ ಹಸುರು ಮಿಶ್ರಿತ ಕಂದು ಲೋಳೆಯನ್ನು, ಕಾದು ಕುಳಿತ ಕಾಗೆ ಬೆಕ್ಕುಗಳ ಕಡೆಗೆ ಎಸೆದು ಮರೆತುಬಿಡುತ್ತಾರೆ. ಹುಳಿಮೆಣಸಿನ ಸಾರಿಗೆ ಅದರಿಂದ ಪ್ರಯೋಜನವಿಲ್ಲವಷ್ಟೆ. ಆದರೆ ನಮ್ಮ ಪಶ್ಚಿಮ ಸಮುದ್ರದ ಮತ್ಸ್ಯವಿಜ್ಞಾನದ ಚರಿತ್ರೆಯಲ್ಲಿ ಬಹುಭಾಗವು ಆ ಎಸೆದ ಲೋಳೆಯನ್ನು ಹೆಕ್ಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವರ ಚರಿತ್ರೆಯೇ ಆಗಿದೆ.

ಮಂಗಳೂರು ಉಡುಪಿಗಳ ಕಡೆ ಬೂತಾಯಿ, ಕಾರವಾರದ ಕಡೆ ತಾರ್ಲೆ, ಮಲಯಾಳದಲ್ಲಿ ಮತ್ತಿ ಎನಿಸಿಕೊಳ್ಳುವ ಈ ಗೇಣುದ್ದದ ಮೀನಿಗೆ ಫ್ರೆಂಚ್ ಪಂಡಿತರಾದ ವಾಲೆನ್ಸಿಯೆನ್ ಅವರು 1847ರಲ್ಲಿ ಶಾಸ್ತ್ರೀಯ ನಾಮಕರಣವನ್ನು ಮಾಡಿದರು. ಸಾರ್ಡಿನೆಲ್ಲ ಲಾಂಗಿಸೆಪ್ಸ್, ಎಂದರೆ ಉದ್ದತಲೆಯದು. ಹೆಸರಿಟ್ಟ ಮಾತ್ರಕ್ಕೆ ಅದರ ನಡತೆ ಅರ್ಥವಾಗಲಿಲ್ಲ. 1865ರಲ್ಲಿ ಮಲಬಾರಿನ ಮೀನುಗಳನ್ನು ಕುರಿತು ಗ್ರಂಥ ಬರೆದ ವೈದ್ಯ ಫ್ರಾನ್ಸಿಸ್ ಡೇ ಅವರೇ ಇದರ ಚಂಚಲಸ್ವಭಾವವನ್ನು ಗುರುತಿಸಿದ್ದರು: ಒಂದು ವರ್ಷ ಮೇರೆಮೀರಿ ಬರುವ ಮೀನು ಕೆಲವೊಮ್ಮೆ ವರ್ಷಗಟ್ಟಲೆ ತೀರದ ಕಡೆ ಮುಖವನ್ನೇ ಹಾಕದು. ಕರಾವಳಿಯ ಬೆಸ್ತರಾದ ಮೊಗವೀರರಿಗೂ ಖಾರ್ವಿಗಳಿಗೂ ಇದು ಹೊಸ ಸಂಗತಿಯಾಗಿರಲಿಲ್ಲ. ಅವರ ವೃತ್ತಿಯೇ ದಡದಲ್ಲಿ ನಿಂತು ಕಾಯತಕ್ಕ ವೃತ್ತಿ. ಅರ್ಧ ಮೈಲಿಯನ್ನೂ ಮೀರಬಲ್ಲ ರಂಪಣಿ ಬಲೆಯನ್ನು ದೋಣಿಯಲ್ಲಿ ಹೇರಿಕೊಂಡು ಹೋಗಿ, ಕರೆಯ ಸಮೀಪಕ್ಕೆ ಬಂದ ಮೀನಿನ ಹಿಂಡನ್ನು ಅರ್ಧಚಂದ್ರಾಕಾರವಾಗಿ ಸುತ್ತಿ, ಎರಡು ತುದಿಗಳನ್ನೂ ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯುವ ಆ ಮಹಾಬಲೆಯು ಒಬ್ಬನ ಸ್ವತ್ತಾಗಿರದೆ, ತುಂಡು ತುಂಡಾಗಿ ಹಲವರು ತಂದು ಜೋಡಿಸಿದ ಪಾಲಿನ ಆಸ್ತಿಯಾಗಿತ್ತು. ಮೀನು ಬಂದರೆ ಕೇರಿಗೆಲ್ಲ ಪಾಲು, ಬಾರದಿದ್ದರೆ ಕೇರಿಗೆಲ್ಲ ಉಪವಾಸ.

ಈ ಮೀನಿನ ಕಡೆಗೆ ಸರಕಾರದ ದೃಷ್ಟಿ ಹೊರಳಿದ್ದು ಅದರ ರುಚಿಯಿಂದಲ್ಲ, ಎಣ್ಣೆಯಿಂದ. ಮಳೆಗಾಲ ಕಳೆದು ಮೈತುಂಬಿಕೊಂಡ ಬೂತಾಯಿಯಲ್ಲಿ ಕೊಬ್ಬು ಎಷ್ಟಿರುತ್ತದೆಂಬುದನ್ನು ಕಾವಲಿಗೆ ಹಾಕಿದವರೆಲ್ಲ ಬಲ್ಲರು. ತಿಂದು ಉಪ್ಪುಹಾಕಿ ಮಿಕ್ಕ ಮೀನು ಮರಳಿನ ಮೇಲೆ ಒಣಗಿ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು. ಇಲ್ಲವೇ ಪೀಪಾಯಿಗಳಲ್ಲಿ, ಹಳೆಯ ದೋಣಿಗಳಲ್ಲಿ ಕೊಳೆಯಿಸಿದಾಗ ಮೇಲೆ ತೇಲಿದ ನಾರುವ ಎಣ್ಣೆ ದೋಣಿಗಳ ಮೈಗೆ ಬಳಿಯಲು ಒದಗುತ್ತಿತ್ತು. ಮದರಾಸು ಸರಕಾರದ ಮತ್ಸ್ಯಕಾರ್ಯವನ್ನು 1905ರಿಂದ ವಹಿಸಿಕೊಂಡ ಸರ್ ಫ್ರೆಡರಿಕ್ ನಿಕಲ್ಸನ್ ಸಾಹೇಬರು, ಸಹಕಾರ ಸಂಘಗಳ ವಿಚಾರದಲ್ಲಿ ಎಷ್ಟು ಶ್ರದ್ಧೆಯುಳ್ಳವರೋ ಮೀನೆಣ್ಣೆಯ ವಿಚಾರದಲ್ಲಿಯೂ ಅಷ್ಟೇ ಶ್ರದ್ಧೆಯುಳ್ಳವರಾಗಿ, ಕೊಳೆಯಿಸುವ ಬದಲು ತಾಜಾ ಮೀನನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ಒಣಗಿಸಿ ಗೊಬ್ಬರವನ್ನಾಗಿ ಮಾಡುವ ಕ್ರಮವನ್ನು ಮಲಬಾರಿನ ತಾನೂರಿನ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು. ಬಂಡವಾಳ ಅಲ್ಪ, ಯಂತ್ರ ಸರಳ. ಮಲಬಾರಿನಿಂದ ದಕ್ಷಿಣ ಕನ್ನಡದ ವರೆಗೆ ತೀರದುದ್ದಕ್ಕೂ ಸಣ್ಣ ಸಣ್ಣ ಎಣ್ಣೆಯ ಕಾರ್ಖಾನೆಗಳು ಎದ್ದುವು. ಅವುಗಳ ದುರ್ಗಂಧವನ್ನು ಸಹಿಸಿದ ನೆರೆಹೊರೆಯವರ ಹೆಸರು ಯಾವ ವರದಿಯಲ್ಲಿಯೂ ಬರುವುದಿಲ್ಲವೆಂಬುದನ್ನು ಇಲ್ಲಿ ಹೇಳಿಬಿಡಬೇಕು.

ಕಾರ್ಖಾನೆ ಎದ್ದ ಮೇಲೆ ಹಳೆಯ ಪ್ರಶ್ನೆಗೆ ಹೊಸ ಬೆಲೆ ಬಂದಿತು. ಮೀನು ಬಾರದ ವರ್ಷ ಬೆಸ್ತನು ಗೆಡ್ಡೆಗೆಣಸು ತಿಂದು ದಿನ ನೂಕಿಯಾನು. ಎಣ್ಣೆ ತೆಗೆಯುವ ಕೊಪ್ಪರಿಗೆಗೆ ಸಾಲ ಮಾಡಿದವನು ಸುಮ್ಮನಿರಲಾರನು. ಈ ಸಂದರ್ಭದಲ್ಲಿ ಜೇಮ್ಸ್ ಹಾರ್ನೆಲ್ ಅವರ ಹೆಸರು ಬರುತ್ತದೆ. ಸಿಂಹಳದ ಮುತ್ತಿನ ಚಿಪ್ಪುಗಳನ್ನು ಶೋಧಿಸಿ ಬಂದಿದ್ದ ಈ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞರು 1908ರಲ್ಲಿ ಮಲಬಾರಿನ ಕರಾವಳಿಯುದ್ದಕ್ಕೂ, ಲಕ್ಷದ್ವೀಪಗಳ ತನಕವೂ ಸಂಚರಿಸಿ ವರದಿ ಬರೆದರು. ಮುಂದೆ ಮದರಾಸಿನ ಮೀನುಗಾರಿಕೆಯ ನಿರ್ದೇಶಕರಾದರು. ನಿವೃತ್ತಿಯ ತರುವಾಯ ಲೋಕದ ದೋಣಿಗಳನ್ನೆಲ್ಲ ಅಧ್ಯಯನ ಮಾಡಿ ಇನ್ನೊಂದು ಶಾಸ್ತ್ರದಲ್ಲಿಯೂ ಕೀರ್ತಿವಂತರಾದರು. ಅವರೂ ಎಂ. ರಾಮಸ್ವಾಮಿ ನಾಯ್ಡು ಅವರೂ ಕೂಡಿ 1924ರ ಸುಮಾರಿಗೆ ಪ್ರಕಟಿಸಿದ ಬೂತಾಯಿಯ ಜೀವನವೃತ್ತಾಂತವು, ಮೀನನ್ನು ಮಾತ್ರ ನೋಡದೆ ಅದು ನುಂಗಿದ್ದನ್ನೂ ನೋಡಿದುದರಿಂದ, ನಮ್ಮ ಕಡಲಿನ ಮಟ್ಟಿಗೆ ಒಂದು ಹೊಸ ದಾರಿಯನ್ನು ತೆರೆಯಿತು.

ಆ ಲೋಳೆಯಲ್ಲಿ ಅವರು ಕಂಡದ್ದೇನು? ಬರಿಗಣ್ಣಿಗೆ ಕಾಣದ ಡಯಾಟಮ್ ಎಂಬ ಏಕಕೋಶದ ಸಸ್ಯಗಳು, ಗಾಜಿನ ಡಬ್ಬಿಗಳಂತೆ ಸಿಲಿಕದ ಕವಚವನ್ನು ತೊಟ್ಟವು. ಅವುಗಳ ಜೊತೆಗೆ ಇತರ ತೇಲುಜೀವಿಗಳು, ಸೂಜಿಮೊನೆಯಷ್ಟು ಗಾತ್ರದ ಸೀಗಡಿಜಾತಿಯ ಪ್ರಾಣಿಗಳು. ಬೂತಾಯಿಯ ಕಿವಿರಿನಲ್ಲಿ ಬಾಚಣಿಗೆಯ ಹಲ್ಲುಗಳಿಗಿಂತ ಒತ್ತಾದ ಎಳೆಗಳಿವೆ. ಬಾಯಿ ತೆರೆದು ಈಜುತ್ತಿರುವಂತೆಯೇ ನೀರು ಹೊರಕ್ಕೆ ಸೋಸಿಹೋಗಿ ತೇಲುಜೀವಿಗಳು ಒಳಗೆ ಉಳಿಯುತ್ತವೆ. ಈ ಸಸ್ಯಗಳಿಗಾದರೂ ಗೊಬ್ಬರ ಬೇಕಷ್ಟೆ. ಅದನ್ನು ಒದಗಿಸುವುದು ನೈಋತ್ಯ ಮಾರುತ. ಮಳೆಗಾಲದಲ್ಲಿ ಗಾಳಿಯ ಒತ್ತಡಕ್ಕೆ ಮೇಲ್ಮೈಯ ನೀರು ತೀರದಿಂದ ಆಚೆಗೆ ಸರಿದಾಗ, ತಳದ ತಣ್ಣೀರು ತನ್ನಲ್ಲಿ ಕರಗಿದ ಲವಣಸತ್ವವನ್ನು ಹೊತ್ತು ಮೇಲಕ್ಕೆ ಏಳುತ್ತದೆ. ಬೆಳಕೂ ಸತ್ವವೂ ಕೂಡಿದೊಡನೆ ಕಡಲು ಹಸುರಾಗುತ್ತದೆ. ಬೂತಾಯಿ ಮೊಟ್ಟೆಯಿಡುವುದೂ ಅದೇ ದಿನಗಳಲ್ಲಿ. ಗದ್ದೆಯಲ್ಲಿ ನೇಜಿ ನೆಡುವ ಹೊತ್ತಿಗೆ ಕಡಲಿನಲ್ಲಿಯೂ ಒಂದು ಬಿತ್ತನೆ ನಡೆದಿರುತ್ತದೆ. ಇದೇ ನೀರಿನಲ್ಲಿ ಮೇಯುವ ಬಂಗುಡೆ ಮೀನು ಸಸ್ಯವನ್ನು ಸೇವಿಸಿದರೂ ಸೂಕ್ಷ್ಮಪ್ರಾಣಿಗಳ ಕಡೆಗೇ ಹೆಚ್ಚು ಒಲಿಯುತ್ತದೆ. ಬೂತಾಯಿಯನ್ನು ಅಂಜಲ್ ಮೀನು ತಿನ್ನುತ್ತದೆ, ಶಾರ್ಕ್ ತಿನ್ನುತ್ತದೆ, ಡಾಲ್ಫಿನ್ನು, ಕಡಲಹಕ್ಕಿಗಳು ತಿನ್ನುತ್ತವೆ, ನಾವೂ ತಿನ್ನುತ್ತೇವೆ. ಇಂಗ್ಲೆಂಡಿನ ಅಲಿಸ್ಟರ್ ಹಾರ್ಡಿ ಅವರು ಹೆರಿಂಗ್ ಮೀನಿನ ಸುತ್ತ ಇಂಥದೇ ಆಹಾರಜಾಲದ ಪ್ರಸಿದ್ಧ ಚಿತ್ರವನ್ನು ಬಿಡಿಸಿದ್ದೂ 1924ರಲ್ಲಿಯೇ. ಎರಡು ಸಮುದ್ರಗಳಲ್ಲಿ ವಿಜ್ಞಾನಿಗಳ ಯೋಚನೆ ಒಂದೇ ದಿಕ್ಕಿಗೆ ಹರಿದದ್ದು ಕುತೂಹಲಕರವಾದುದು.

1940ರ ದಶಕದಲ್ಲಿ ಬೂತಾಯಿ ಕಾಣೆಯಾಯಿತು. ಎಣ್ಣೆಯ ಕೊಪ್ಪರಿಗೆಗಳು ತಣ್ಣಗಾದುವು. ಮತ್ಸ್ಯವಿಜ್ಞಾನಿ ಡಿ. ಡಬ್ಲ್ಯು. ದೇವನೇಸನ್ ಅವರು 1943ರಲ್ಲಿ ಕಾರಣಗಳನ್ನು ವಿಚಾರಿಸಿ, ಎಳೆಯ ಮೀನನ್ನೂ ಮೊಟ್ಟೆಯ ಮೀನನ್ನೂ ವಿವೇಚನೆಯಿಲ್ಲದೆ ಹಿಡಿದುದರ ಕಡೆಗೆ ಬೆರಳು ತೋರಿದರು. ಮದರಾಸು ಸರಕಾರವು ಕೆಲವು ಬಗೆಯ ಬಲೆಗಳನ್ನೂ ಸಣ್ಣ ಮೀನಿನ ಬೇಟೆಯನ್ನೂ ನಿರ್ಬಂಧಿಸಿತು. 1947ರಲ್ಲಿ ನಿರ್ಬಂಧವನ್ನು ತೆಗೆಯಿತು. ಅದಾಗಿ ಕೆಲವೇ ವರ್ಷಗಳಲ್ಲಿ ಮೀನು ತಾನಾಗಿಯೇ ಮರಳಿ ಬಂದಿತು. ದೇವನೇಸನ್ನರ ಕಳವಳವನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಆದರೂ, ಒಂದು ವರ್ಷಕ್ಕೇ ಪ್ರಾಯಕ್ಕೆ ಬರುವ, ಎರಡೂವರೆ ವರ್ಷಕ್ಕಿಂತ ಹೆಚ್ಚು ಬದುಕುವುದು ಅಪರೂಪವಾದ ಒಂದು ಮೀನಿನ ವಿಷಯದಲ್ಲಿ, ಒಂದು ಮಳೆಗಾಲದ ಮರಿಗಳು ಉಳಿದುವೋ ಅಳಿದುವೋ ಎಂಬುದರಲ್ಲಿಯೇ ಮುಂದಿನ ವರ್ಷದ ಬಹುಪಾಲು ನಿರ್ಣಯವಾಗಿಬಿಡುತ್ತದೆ. ಆಜ್ಞೆಯು ಬಲೆಗೆ ತಗಲೀತು, ಗಾಳಿಗೆ ತಗಲದು. ದಫ್ತರವು ತನ್ನ ಕೈಗೆ ಎಟುಕುವುದನ್ನೇ ಕಾರಣವೆಂದು ನಂಬುವುದು ಲೋಕರೂಢಿ.

ಆ 1947ರ ಫೆಬ್ರವರಿಯಲ್ಲಿಯೇ ಕೇಂದ್ರ ಸಮುದ್ರ ಮತ್ಸ್ಯ ಸಂಶೋಧನಾ ಸಂಸ್ಥೆ ಹುಟ್ಟಿತು. ಕಲ್ಲಿಕೋಟೆಯ ತೀರದಲ್ಲಿ ಅದರ ವಿಜ್ಞಾನಿಗಳಾದ ಆರ್. ವೇಲಪ್ಪನ್ ನಾಯರ್ ಮತ್ತು ಸಸ್ಯಶಾಸ್ತ್ರಜ್ಞ ಆರ್. ಸುಬ್ರಹ್ಮಣ್ಯನ್ ಅವರು ವರ್ಷಗಟ್ಟಲೆ ನೀರನ್ನು ಸೋಸಿ, ಮೀನಿನ ಹೊಟ್ಟೆಯನ್ನು ಬಗೆದು ನೋಡಿ, 1955ರಲ್ಲಿ ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದರು: ಫ್ರಾಜಿಲೇರಿಯ ಓಷಿಯಾನಿಕ ಎಂಬ ಒಂದು ಡಯಾಟಮ್ ನೀರಿನಲ್ಲಿ ಹೇರಳವಾದಾಗ ಬೂತಾಯಿಯೂ ಹೇರಳ, ಅದಿಲ್ಲದಾಗ ಇದೂ ವಿರಳ. ಪಟ್ಟಿಯಂತೆ ಒಂದಕ್ಕೊಂದು ಅಂಟಿಕೊಂಡು ತೇಲುವ ಆ ಕಣಗಳು ಕೊಪ್ಪರಿಗೆಯ ಭವಿಷ್ಯವನ್ನು ಹೇಳಬಲ್ಲವೆಂಬ ಮಾತು ಎಷ್ಟು ಮನೋಹರವೋ ಅಷ್ಟೇ ಅಪಾಯಕರವೂ ಆಗಿತ್ತು. ಮುಂದಿನವರಿಗೆ ಈ ಲೆಕ್ಕ ಎಲ್ಲ ವರ್ಷವೂ ಹೊಂದಲಿಲ್ಲ. 1960ರ ದಶಕದಲ್ಲಿ ಬಿ. ಟಿ. ಆಂಟನಿ ರಾಜ ಅವರು ಮೊಟ್ಟೆಯ ಕಾಲದ ಮಳೆಗೂ ಮರಿಗಳ ಸಮೃದ್ಧಿಗೂ ಇರುವ ನಂಟನ್ನು ಹುಡುಕಿದರು. ಪ್ರಶ್ನೆಯು ಮೀನಿನಿಂದ ಕಣಕ್ಕೂ ಕಣದಿಂದ ಮೋಡಕ್ಕೂ ಏರಿತು.

ಅಷ್ಟರಲ್ಲಿ ದಡದ ಮೇಲೆ ಬೇರೆಯೇ ಪ್ರಕರಣ ನಡೆಯಿತು. 1970ರ ದಶಕದ ಉತ್ತರಾರ್ಧದಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬಂದಿತು: ಯಂತ್ರದ ದೋಣಿ ಹಿಂಡನ್ನು ಅರಸುತ್ತ ಆಳಕ್ಕೆ ಹೋಗಿ, ಬಲೆಯನ್ನು ಸುತ್ತಿ, ಅಡಿಯ ಹಗ್ಗವನ್ನು ಚೀಲದ ಬಾಯಿಯಂತೆ ಎಳೆದುಬಿಡುವ ಪದ್ಧತಿ. ಮೀನು ಬರಲೆಂದು ಕಾಯುತ್ತಿದ್ದ ರಂಪಣಿಯವರ ಪಾಲಿಗೆ ಬರತಕ್ಕ ಮೀನು ದಾರಿಯಲ್ಲಿಯೇ ಮುಗಿಯಿತು. ಜಗಳಗಳಾದುವು, ಚಳವಳಿಗಳಾದುವು, ಕೆಲವೇ ವರ್ಷಗಳಲ್ಲಿ ರಂಪಣಿಯ ತುಂಡುಗಳು ಅಟ್ಟ ಸೇರಿದುವು. ಬೂತಾಯಿಯ ಚಂಚಲತೆ ಮಾತ್ರ ಮಾಯವಾಗಲಿಲ್ಲ. ಕೇರಳದ ತೀರದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ನು ಸಿಕ್ಕಿದ ಈ ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಕಡಲಿನ ಬಿಸಿಯೋ, ಬಲೆಯ ಬಿಗಿಯೋ ಎಂಬ ವಾದದಲ್ಲಿ ದೇವನೇಸನ್ನರ ದನಿಯೂ ನಾಯರ್ ಅವರ ದನಿಯೂ ಪುನಃ ಕೇಳಿಸುತ್ತವೆ. ಈ ಸಲ ಎರಡನ್ನೂ ಒಟ್ಟಿಗೆ ಕೇಳಬೇಕಾಗಿದೆಯೆಂದು ನನಗೆ ತೋರುತ್ತದೆ.

ನಿಕಲ್ಸನ್ ಸಾಹೇಬರ ಕೊಪ್ಪರಿಗೆಗೂ ವಂಶೋದ್ಧಾರವಾಗಿದೆ. ಮಂಗಳೂರು, ಮಲ್ಪೆಗಳ ಆಸುಪಾಸಿನಲ್ಲಿ ಈಗಲೂ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಪುಡಿಮಾಡುವ ಕಾರ್ಖಾನೆಗಳಿವೆ. ಆ ಪುಡಿ ತೆಂಗಿನ ಬುಡಕ್ಕೆ ಹೋಗುವುದಿಲ್ಲ. ಕೊಳಗಳಲ್ಲಿ ಸಾಕಿದ ಸೀಗಡಿಗೂ ಮೀನಿಗೂ ಮೇವಾಗುತ್ತದೆ. ಸೂಜಿಮೊನೆಯಷ್ಟು ಸೀಗಡಿಯನ್ನು ತಿಂದ ಬೂತಾಯಿಯನ್ನು ಬೆರಳುದ್ದದ ಸೀಗಡಿ ತಿನ್ನುತ್ತದೆ.