ಜೆಪ್ಪುವಿನ ಹಂಚು, ಜೆಪ್ಪುವಿನ ಬೀಡಿ

ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಜೆಪ್ಪು, ಬೋಳಾರದ ಹೊಳೆಬದಿಯಲ್ಲಿ ಒಂದರ ಹಿಂದೊಂದು ಚಿಮಣಿಗಳು ಎದ್ದವು. ನೇತ್ರಾವತಿಯಲ್ಲಿ ದೋಣಿ ತುಂಬ ಜೇಡಿಮಣ್ಣು ಬಂತು; ಕೆಂಪು ಹಂಚು ಹಡಗು ಹತ್ತಿ ದೂರದ ಊರುಗಳಿಗೆ ಹೋಯಿತು. ನಮ್ಮೂರಿನ ಚರಿತ್ರೆ ಬರೆದವರು ಇಷ್ಟನ್ನು ತಪ್ಪದೆ ಬರೆದಿದ್ದಾರೆ. ಆ ಮಣ್ಣು ಹೊತ್ತ ಹೆಂಗಸರ ವಿಷಯ ಮಾತ್ರ ಒಂದೆರಡು ಸಾಲಿಗೇ ಮುಗಿಯುತ್ತದೆ. ಅವರಲ್ಲಿ ನಮ್ಮ ಅಜ್ಜಿಯೂ ಒಬ್ಬರು.

ಯುದ್ಧಕಾಲದ ಅಕ್ಕಿ ರೇಷನ್ನಿನ ದಿನಗಳಲ್ಲಿ ಅಜ್ಜಿ ಇನ್ನೂ ಹುಡುಗಿ. ತಾಯಿಯ ಹಿಂದೆಯೇ ಕಾರ್ಖಾನೆಗೆ ಹೋದರು. ಅಚ್ಚಿನಿಂದ ಬಂದ ಹಸಿ ಹಂಚನ್ನು ಒಣಗಿಸುವ ಅಟ್ಟಕ್ಕೆ ಸಾಗಿಸುವುದು ಅವರ ಕೆಲಸ; ಮೂಲೆ ಮುರಿದರೆ ಬೈಗುಳ. ಕೂಲಿ ಗಂಡಸರಿಗಿಂತ ಕಡಿಮೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಅಷ್ಟರಲ್ಲಿ ಮಕ್ಕಳಾಗಿ, ಕಾರ್ಖಾನೆ ಬಿಟ್ಟು, ಅಜ್ಜಿ ಜಗಲಿಯಲ್ಲಿ ಬೀಡಿಗೆ ಕೂತಾಗಿತ್ತು.

ಆ ಕೆಲಸ ನಾನು ಹತ್ತಿರದಿಂದ ನೋಡಿದ್ದೇನೆ. ರಾತ್ರಿ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ ಬೆಳಗ್ಗೆ ಮೆತ್ತಗಾಗಿರುತ್ತಿತ್ತು. ತಗಡಿನ ಅಳತೆ ಇಟ್ಟು ಕತ್ತರಿ ಆಡಿಸಿ, ಮಡಿಲ ಮೇಲಿನ ಗೆರಸೆಯಿಂದ ಚಿಟಿಕೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟುವುದು. ಲೆಕ್ಕವೆಲ್ಲ ಸಾವಿರಕ್ಕೆ. ಸಂಜೆ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಚೆನ್ನಾಗಿಲ್ಲವೆಂದು ತೆಗೆದಿಟ್ಟ ಬೀಡಿಗೆ ದುಡ್ಡಿಲ್ಲ, ಆದರೆ ಬೀಡಿ ವಾಪಸ್ಸೂ ಇಲ್ಲ. ಈ ಅನ್ಯಾಯಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮನೆಯಲ್ಲಿ ಕೂತವಳನ್ನು ಕಾರ್ಮಿಕಳೆಂದು ಒಪ್ಪಿಸಲು ಬಹಳ ವರ್ಷ ಬೇಕಾಯಿತು. 1966ರ ಬೀಡಿ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಸೇರಿಸಿಕೊಂಡಿತು. ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಪಿ.ಎಫ್. ಬಂತು. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲಬೇಕೆಂದು 1985ರಲ್ಲಿ ಅದೇ ಕೋರ್ಟ್ ಹೇಳಿತು. ತಯಾರಾದ ಬೀಡಿಯ ಮೇಲಿನ ಸೆಸ್ಸಿನಿಂದ ಕಲ್ಯಾಣ ನಿಧಿ, ಅದರಿಂದ ಮಕ್ಕಳಿಗೆ ಸ್ಕಾಲರ್‌ಶಿಪ್. ನನ್ನ ಅಮ್ಮ ಓದಿದ್ದು ಹಾಗೆ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ ಹೋಯಿತು.

ಹಂಚಿನ ಚಿಮಣಿಗಳು ಹೆಚ್ಚಿನವು ಈಗಿಲ್ಲ. ಮನೆಗಳಿಗೆಲ್ಲ ತಾರಸಿ ಬಂತು. ಬೀಡಿಯೂ ಕಡಿಮೆಯಾಯಿತು. ಹೊಗೆಸೊಪ್ಪಿನ ಕೆಡುಕು ಗೊತ್ತಿದ್ದವರು ಅದಕ್ಕೆ ಬೇಸರಪಡಬೇಕಾಗಿಲ್ಲ. ಆದರೆ ಅದನ್ನೇ ನಂಬಿದ ಕೈಗಳಿಗೆ ಬದಲಿ ಕೆಲಸ ಕೊಡುವ ಹೊಣೆ ಸರ್ಕಾರದ್ದು.

ನನ್ನ ಚಿಕ್ಕಪ್ಪನ ಮಗ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಾನೆ. ಅವನನ್ನು ಅಜ್ಜಿ ಕೇಳಿದ್ದು ಒಂದೇ ಮಾತು: “ಪಿ.ಎಫ್. ಹಿಡೀತಾರಾ?”

“ಇಲ್ಲ ಅಜ್ಜಿ.”

“ಹಾಗಾದ್ರೆ ಅದೆಂಥ ಕೆಲಸ ಮಾರಾಯ?”

ಅಂಥ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ. ಅದರಲ್ಲೂ ಒಂದು ಕಲ್ಯಾಣ ನಿಧಿ ಇದೆ. ಕಂಪನಿಗಳು ಪ್ರತಿ ವಹಿವಾಟಿನ ಮೇಲೆ ಅದಕ್ಕೆ ಹಣ ಕಟ್ಟಬೇಕು.